ಕಸದ ಆಟೋದಿಂದ ಶುರು ಮಾಡಿ

ನಮಸ್ಕಾರ,

ಪ್ರಾಗ್ಮ್ಯಾಟಿಸಂ ಎಂಬ ತತ್ವಚಿಂತನೆ ಮತ್ತು ಮನುಷ್ಯರ ನಂಟಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೂ ಅದನ್ನು ಕೈಬಿಡಬೇಡಿ. ಮೂರನೇ ಪುಟದ ಎರಡು ಸಾಲು ನನ್ನನ್ನು ಬಿಡುತ್ತಿಲ್ಲ.

ಬನಶಂಕರಿಯ ನಿಮ್ಮ ಬೀದಿಗೆ ಕಸದ ಆಟೋ ಬಂತು. ಹಸಿ ಕಸದಲ್ಲಿ ಯಾರೋ ಒಡೆದ ಗಾಜಿನ ಲೋಟ ಹಾಕಿದ್ದರು. ಕಸ ತಗೊಳ್ಳುವ ಅಕ್ಕನ ಕೈ ಕುಯ್ದಿತು. ಇಷ್ಟು ಬರೆದವರು ತಕ್ಷಣ 'ನಾವೆಲ್ಲ ಒಂದೇ ಬಳ್ಳಿಯ ಹೂಗಳು' ಅಂತ ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಬೇಸರವಾಗಿದ್ದು ಇಲ್ಲೇ. ಆ ಅಕ್ಕ ಅವತ್ತು ಕೆಲಸ ಮುಗಿಸಿದರಾ? ಕೈಗೆ ಬಟ್ಟೆ ಕಟ್ಟಿದ್ದು ಯಾರು? ಆಮೇಲಾದರೂ ಬೀದಿಯವರು ಗಾಜನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದಾರಾ?

ಪ್ರಾಗ್ಮ್ಯಾಟಿಸಂ ಅಂದರೆ 'ಕೆಲಸ ಆದರೆ ಸಾಕು' ಎಂದು ನೀವು ಬರೆದಿರುವುದು ತಪ್ಪು. ಅದನ್ನು ಶುರು ಮಾಡಿದ ಅಮೆರಿಕದ ಚಿಂತಕ ಚಾರ್ಲ್ಸ್ ಪರ್ಸ್ 1878ರಲ್ಲಿ ಬರೆದದ್ದರ ಸಾರ ಬೇರೆ. ಒಂದು ಮಾತಿನ ಅರ್ಥ ತಿಳಿಯಬೇಕಾದರೆ, ಅದು ನಿಜವಾದರೆ ನಮ್ಮ ಬದುಕಿನಲ್ಲಿ ಏನು ವ್ಯತ್ಯಾಸ ಆಗುತ್ತದೆ ಎಂದು ಕೇಳಬೇಕು. ನಿಮ್ಮ ಬಳ್ಳಿಯ ಸಾಲಿಗೂ ಇದನ್ನೇ ಕೇಳಿ. ಉತ್ತರ ಸಿಗದಿದ್ದರೆ ಹೊಡೆದುಹಾಕಿ.

ಅದೇ ದಾರಿಯ ಚಿಂತಕರಾದ ವಿಲಿಯಂ ಜೇಮ್ಸ್, ಜಾನ್ ಡ್ಯೂಯಿ ಇಬ್ಬರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ, ಅದು ಜಾಸ್ತಿ. ಜೇನ್ ಆಡಮ್ಸ್ ಅವರನ್ನು ಮಾತ್ರ ಬಿಟ್ಟಿದ್ದೀರಿ. 1889ರಲ್ಲಿ ಗೆಳತಿಯ ಜೊತೆ ಶಿಕಾಗೋದ ಬಡವರ ಕೇರಿಯಲ್ಲಿ 'ಹಲ್ ಹೌಸ್' ಎಂಬ ಸೇವಾಕೇಂದ್ರ ಶುರು ಮಾಡಿ ಅಲ್ಲೇ ಬದುಕಿದವರು ಅವರು. ಡ್ಯೂಯಿ ಆ ಮನೆಗೆ ಹೋಗಿಬರುತ್ತಿದ್ದರು. ಬೀದಿಯಲ್ಲಿ ಕಸ ಕೊಳೆಯುತ್ತಿದ್ದಾಗ, 1895ರಲ್ಲಿ ಆಡಮ್ಸ್ ತಾವೇ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆದರು. ಬೆಳಗ್ಗೆ ಆರಕ್ಕೇ ಎದ್ದು, ಕಸ ಸುರಿಯುವ ಜಾಗದವರೆಗೂ ಗಾಡಿಗಳ ಹಿಂದೆ ಹೋಗುತ್ತಿದ್ದರು.

ನೀವೂ ಹಾಗೆ ಹಿಂದೆ ಹೋಗಿ ನೋಡಿ. 2014ರವರೆಗೆ ನಮ್ಮ ಬೆಂಗಳೂರಿನ ಕಸ ನಗರದಾಚೆಯ ಮಂಡೂರು ಎಂಬ ಹಳ್ಳಿಗೆ ಹೋಗುತ್ತಿತ್ತು. ಆ ಊರಿನವರು ಪ್ರತಿಭಟನೆಗೆ ಇಳಿದ ಮೇಲಲ್ವಾ ನಮ್ಮಲ್ಲಿ ಎಷ್ಟೋ ಜನಕ್ಕೆ ಅದರ ಹೆಸರು ಗೊತ್ತಾಗಿದ್ದು? ನಂಟು ಅದಕ್ಕೂ ಮೊದಲೇ ಇತ್ತು. ವಾಸನೆ ಮಾತ್ರ ಅವರ ಪಾಲಿಗೆ ಬಂದಿತ್ತು.

ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡ್ಯೂಯಿ ಅವರ ವಿದ್ಯಾರ್ಥಿಯಾಗಿದ್ದರು. ಕಸ ಎತ್ತುವ ಕೆಲಸ ನಮ್ಮಲ್ಲಿ ಯಾವ ಜಾತಿಯವರ ಪಾಲಿಗೆ ಬಂದಿದೆ ಎಂದು ಕೇಳದೆ, ಅಂಬೇಡ್ಕರರನ್ನು ಬಿಟ್ಟು, ಬೆಂಗಳೂರಿನಲ್ಲಿ ಕೂತು ಈ ಲೇಖನ ಬರೆಯಲು ಆಗುವುದಿಲ್ಲ.

ಎಂಟು ಪುಟ ಬೇಡ, ಮೂರು ಸಾಕು. ಮೊದಲು ಆ ಅಕ್ಕನ ಹತ್ತಿರ ಮಾತಾಡಿ, ಅವರಿಗೆ ಬಿಡುವಿದ್ದಾಗ. ಬರೆದದ್ದನ್ನು ಅವರಿಗೂ ಓದಿ ಹೇಳಿ. ಆಮೇಲೆ ನನಗೆ ಕಳಿಸಿ, ಕಾಯುತ್ತಿರುತ್ತೇನೆ.