ಆಟ–ಮನಸ್ಸು: ಮ್ಯಾಚ್‌ನಲ್ಲಿ ಮಾತ್ರ ತಪ್ಪುವ ಫ್ರೀ ಥ್ರೋ

ಪ್ರಶ್ನೆ: ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೇನೆ. ಪ್ರಾಕ್ಟೀಸ್‌ನಲ್ಲಿ ಹತ್ತಕ್ಕೆ ಎಂಟು ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಯಾರೂ ತಡೆಯದೆ ಸಿಗುವ ಎಸೆತ) ಬೀಳುತ್ತವೆ. ಮ್ಯಾಚ್‌ನ ಕೊನೆಯಲ್ಲಿ ಕೈ ಕಲ್ಲಾಗುತ್ತದೆ. ‘ಮೊಣಕೈ ಒಳಗಿರಲಿ, ಮಣಿಕಟ್ಟು ಬಗ್ಗಲಿ’ ಎಂದು ಹೇಳಿಕೊಂಡರೂ ಚೆಂಡು ಹೊರಗೆ ಹೋಗುತ್ತದೆ.

ಉತ್ತರ: ‘ಹೇಳಿಕೊಂಡರೂ’ ಅಲ್ಲ, ಬಹುಶಃ ಹೇಳಿಕೊಳ್ಳುವುದರಿಂದಲೇ ಹೋಗುತ್ತಿದೆ! ಸಾವಿರಾರು ಸಲ ಎಸೆದು ಕೈಗೆ ಕೂತ ಚಲನೆಗೆ ಮೇಲ್ವಿಚಾರಕ ಬೇಕಿಲ್ಲ. ಮೊಣಕೈ, ಮಣಿಕಟ್ಟು ಎಂದು ಬಿಡಿಬಿಡಿಯಾಗಿ ಕಾಯತೊಡಗಿದರೆ ಒಂದೇ ಓಘದಲ್ಲಿ ಆಗಬೇಕಾದದ್ದು ತುಂಡಾಗುತ್ತದೆ. ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಟ್ಟು ನೋಡಿ, ಗೊತ್ತಾಗುತ್ತದೆ. ಒತ್ತಡದಲ್ಲಿ ಹೀಗಾಗುವುದಕ್ಕೆ ‘ಚೋಕಿಂಗ್’ ಎನ್ನುತ್ತಾರೆ. ಮೊಣಕೈ ತಿದ್ದುವುದಿದ್ದರೆ ಅದು ಪ್ರಾಕ್ಟೀಸ್‌ನ ಕೆಲಸ.

ಗಮನವನ್ನು ಮೈಯಿಂದ ರಿಂಗಿಗೆ ಕಳಿಸಿ. ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ 1996ರಲ್ಲಿ ಫ್ರೀ ಥ್ರೋ ಎಸೆಯುವವರ ಕಣ್ಣಿನ ಚಲನೆಯನ್ನೇ ಅಳೆದರು. ಪಳಗಿದವರು ಎಸೆಯುವ ಮೊದಲು ಗುರಿಯ ಮೇಲೆ ಹೆಚ್ಚು ಹೊತ್ತು ದೃಷ್ಟಿ ನಿಲ್ಲಿಸುತ್ತಿದ್ದರು. ಇದಕ್ಕೆ ‘ಕ್ವಯಟ್ ಐ’ ಎಂದು ಹೆಸರು.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ನಿಯಮದಂತೆ ರೆಫರಿ ಚೆಂಡು ಕೊಟ್ಟ ಮೇಲೆ ನಿಮಗಿರುವುದು 5 ಸೆಕೆಂಡ್. ಹಾಗಾಗಿ ಉಸಿರಿನ ಕೆಲಸ ಅದಕ್ಕೂ ಮೊದಲೇ ಮುಗಿಯಲಿ: ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ, ಭುಜ ಇಳಿಯಲಿ. ಚೆಂಡು ಬಂದಾಗ ಎರಡು ಸಲ ಪುಟಿಸಿ, ತಲೆಯೆತ್ತಿ, ರಿಂಗಿನ ಅಂಚಿನ ಒಂದು ಬಿಂದುವಿನ ಮೇಲೆ ಸುಮಾರು ಒಂದು ಸೆಕೆಂಡ್ ಕಣ್ಣು ನೆಟ್ಟು ಎಸೆಯಿರಿ. ಮುಂದಿನ ಅಂಚೋ ಹಿಂದಿನದೋ, ನಿಮ್ಮಿಷ್ಟ, ದಿನಕ್ಕೊಂದು ಬೇಡ.

ಈ ಕ್ರಮ ಕೆಡುವುದು ಸಾಮಾನ್ಯವಾಗಿ ಎರಡು ರೀತಿ. ಸ್ಕೋರ್ ಸಮವಿದ್ದಾಗ ಹೆಚ್ಚುವರಿಯಾಗಿ ನಾಲ್ಕು ಸಲ ಪುಟಿಸುವುದು ಒಂದು. ‘ಮುಗಿದರೆ ಸಾಕಪ್ಪಾ’ ಎಂದು ಕಣ್ಣು ನಿಲ್ಲುವ ಮೊದಲೇ ಎಸೆಯುವುದು ಇನ್ನೊಂದು, ಇದೇ ಹೆಚ್ಚು.

ಪ್ರಾಕ್ಟೀಸ್‌ನಲ್ಲಿ ಒಂದೇ ಕಡೆ ನಿಂತು ಐವತ್ತು ಎಸೆಯುವುದನ್ನು ಬಿಡಿ. ಮ್ಯಾಚ್‌ನಲ್ಲಿ ಸಿಗುವುದು ಹೆಚ್ಚಾಗಿ ಎರಡು, ಅದೂ ಏದುಸಿರಿನಲ್ಲಿ. ಕೋರ್ಟಿನ ಉದ್ದಕ್ಕೂ ಓಡಿ ಬಂದು ಎರಡು ಎಸೆಯಿರಿ, ಮತ್ತೆ ಓಡಿ. ಹೀಗೆ ಹತ್ತು ಸುತ್ತು. ತಂಡದವರು ಗಲಾಟೆ ಮಾಡಲಿ. ಎರಡೂ ತಪ್ಪಿದರೆ ಒಂದು ಸುತ್ತು ದಂಡ. ಮೂರ್ನಾಲ್ಕು ವಾರ ಹೀಗೆ ಪಳಗದೆ ಮ್ಯಾಚ್ ದಿನವೇ ಹೊಸ ಕ್ರಮ ತಂದರೆ, ಕಾಯಲು ಮನಸ್ಸಿಗೆ ಇನ್ನೊಂದು ವಸ್ತು ಸಿಕ್ಕಂತೆ, ಅಷ್ಟೆ.

ಪ್ರಶ್ನೆ: 21 ದಿನದಲ್ಲಿ ವ್ಯಾಯಾಮ ರೂಢಿಯಾಗುತ್ತದಂತೆ. ತಿಂಗಳಾದರೂ ಜಾಗಿಂಗ್‌ಗೆ ಹೊರಡಲು ನನಗೆ ಹಿಂಸೆ. ತಪ್ಪು ಎಲ್ಲಿ?

ಉತ್ತರ: ತಪ್ಪು ಆ 21ರಲ್ಲಿ. ಲಂಡನ್‌ನಲ್ಲಿ ಫಿಲಿಪ್ಪಾ ಲಾಲಿ ತಂಡ ನಡೆಸಿದ ಅಧ್ಯಯನದಲ್ಲಿ ಹೊಸ ರೂಢಿ ನೆಲೆಯೂರಲು ಹಿಡಿದದ್ದು 18ರಿಂದ 254 ದಿನ, ನಡುಲೆಕ್ಕ 66. ಒಂದು ದಿನ ತಪ್ಪಿದ್ದರಿಂದ ಏನೂ ಕೆಟ್ಟಿರಲಿಲ್ಲ.

ವೇಗವನ್ನೂ ಒಮ್ಮೆ ನೋಡಿಕೊಳ್ಳಿ. ಓಡುತ್ತ ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ ಹೊಸಬರಿಗೆ ಅದು ಜಾಸ್ತಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ ಸಾಕು. ಕಷ್ಟದ ಭಾಗ ಮೊದಲರ್ಧದಲ್ಲೇ ಮುಗಿಯಲಿ, ಕೊನೆಯ ಐದು ನಿಮಿಷ ಬರೀ ನಡೆಯಿರಿ: ಮರುದಿನ ಶೂ ಕಟ್ಟುವಾಗ ನೆನಪಿಗೆ ಬರುವುದು ಹೆಚ್ಚಾಗಿ ಆ ಕೊನೆಯ ನಿಮಿಷಗಳೇ.