ಫೇವೈಲ್ಡ್ ಕಣಿವೆಯ ಕಾಲ: ದಾಳಕ್ಕೆ ಬಿಡಬೇಕೇ, ಮೊದಲೇ ಗೊತ್ತುಮಾಡಬೇಕೇ?

ತಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದಲ್ಲಿ ಏಳನೇ ಹಂತದ ನಾಲ್ವರ ತಂಡವೊಂದು, ಮಾಯಾಜೀವಿಗಳ ಲೋಕವಾದ ಫೇವೈಲ್ಡ್‌ಗೆ ತೆರೆದುಕೊಳ್ಳುವ ಮಂಜಿನ ಕಣಿವೆಯನ್ನು ಹೊಕ್ಕು, ಅಲ್ಲಿನ ರಾಣಿಯಿಂದ ಔಷಧವನ್ನು ತರಬೇಕಾಗಿದೆ, ಹೊರಗೆ ಅವರ ಊರಿಗೆ ಮುತ್ತಿಗೆ ಬೀಳಲು 20 ದಿನಗಳಷ್ಟೇ ಉಳಿದಿವೆ, ಕಣಿವೆಯಲ್ಲಿ ಕಳೆದ ಕಾಲವನ್ನು ಪುಸ್ತಕದ ಕೋಷ್ಟಕದಂತೆ ದಾಳ ಹಾಕಿ ನಿರ್ಧರಿಸಬೇಕೇ ಎಂಬುದು ತಮ್ಮ ಸಂದೇಹ. ಬೇಡ ಎಂಬುದು ನನ್ನ ಅಭಿಪ್ರಾಯ.

2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಈ ಕೋಷ್ಟಕವು ಐಚ್ಛಿಕ ನಿಯಮವಾಗಿಯೇ ಬಂದಿದೆ. ಫೇವೈಲ್ಡ್‌ನಲ್ಲಿ ಕನಿಷ್ಠ ಒಂದು ದಿನ ಕಳೆದು ಹೊರಬರುವಾಗ ಇಪ್ಪತ್ತು ಮುಖದ ದಾಳ ಹಾಕಬೇಕು: 1 ಅಥವಾ 2 ಬಿದ್ದರೆ ಒಳಗಿನ ದಿನಗಳು ಹೊರಗೆ ನಿಮಿಷಗಳಾಗುತ್ತವೆ, 3ರಿಂದ 6ಕ್ಕೆ ಗಂಟೆಗಳು, 7ರಿಂದ 13ಕ್ಕೆ ಯಾವ ವ್ಯತ್ಯಾಸವೂ ಇಲ್ಲ, 14ರಿಂದ 17ಕ್ಕೆ ವಾರಗಳು, 18 ಮತ್ತು 19ಕ್ಕೆ ತಿಂಗಳುಗಳು, 20 ಬಿದ್ದರೆ ವರ್ಷಗಳು. ತಮ್ಮ ತಂಡ ಒಳಗೆ ನಾಲ್ಕು ದಿನ ಇರುತ್ತದೆ ಎಂದಿಟ್ಟುಕೊಳ್ಳಿ. ನೂರಕ್ಕೆ 65 ಪಾಲು ಅವರಿಗೆ ಏನೂ ಆಗುವುದಿಲ್ಲ, ಇಲ್ಲವೇ ಲಾಭವೇ ಆಗುತ್ತದೆ. ಉಳಿದ 35 ಪಾಲಿನಲ್ಲಿ ಕನಿಷ್ಠವೆಂದರೂ 28 ದಿನಗಳು ಕಳೆದು ಮುತ್ತಿಗೆಯ ಗಡುವು ಮೀರಿರುತ್ತದೆ. ಎರಡರಲ್ಲಿಯೂ ಆಟಗಾರರು ಕೈಗೊಂಡ ಯಾವ ನಿರ್ಧಾರಕ್ಕೂ ಬೆಲೆಯಿಲ್ಲ. ಅವರು ಕಣಿವೆಯಲ್ಲಿ ಅವಸರಪಟ್ಟರೂ ಒಂದೇ, ರಾಣಿಯ ಔತಣದಲ್ಲಿ ಕಾಲ ಕಳೆದರೂ ಒಂದೇ ಎಂದಾದರೆ, ಮೋಸಹೋದೆವೆಂಬ ಭಾವನೆ ಬಾರದೆ ಇನ್ನೇನು ಬಂದೀತು? ಕಥೆಗೆ ಹೊಂದುವ ಬದಲಾವಣೆಯನ್ನು ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವನು) ತಾನೇ ಆರಿಸಬಹುದೆಂದು ಆ ನಿಯಮವೇ ಹೇಳುತ್ತದೆ. ಆ ಅವಕಾಶವನ್ನು ಬಳಸಿಕೊಳ್ಳಿ.

ಒಳಗಿನ ಒಂದು ದಿನಕ್ಕೆ ಹೊರಗೆ ಒಂದು ವಾರ ಎಂಬ ಸ್ಥಿರ ಅನುಪಾತವನ್ನು ಇಟ್ಟುಕೊಳ್ಳಲು ನಾನು ಸೂಚಿಸುತ್ತೇನೆ. ಆಗ ತಮ್ಮ 20 ದಿನಗಳು ಕಣಿವೆಯೊಳಗೆ ಮೂರು ದಿನಕ್ಕಿಂತ ತುಸು ಕಡಿಮೆಯಾಗುತ್ತವೆ. ಇದರ ಸೊಗಸು ಕಾಣುವುದು, ಪಾತ್ರಗಳು ಶಕ್ತಿಯನ್ನೂ ಮಂತ್ರಗಳನ್ನೂ ಮರಳಿ ಪಡೆಯುವ ಲಾಂಗ್ ರೆಸ್ಟ್‌ನಲ್ಲಿ: ಒಳಗಿನ ಎಂಟು ಗಂಟೆಗಳ ವಿಶ್ರಾಂತಿಗೆ ಹೊರಗೆ 56 ಗಂಟೆಗಳು, ಅಂದರೆ ಎರಡು ದಿನ ಎಂಟು ಗಂಟೆಗಳು ಸಂದಾಯವಾಗುತ್ತವೆ. ಒಂದು ಗಂಟೆಯ ಶಾರ್ಟ್ ರೆಸ್ಟ್‌ಗೂ ಏಳು ಗಂಟೆ. ಬೇರೆಡೆ ಯಾರೂ ಯೋಚಿಸದೆ ಹೇಳುವ 'ಇಲ್ಲೇ ಮಲಗೋಣ' ಎಂಬ ಮಾತು ಇಲ್ಲಿ ಚರ್ಚೆಗೆ ಬರುತ್ತದೆ. ಮಂತ್ರಗಳೆಲ್ಲ ಖರ್ಚಾದ ಮಾಂತ್ರಿಕ ಒಂದು ಕಡೆ, ಊರಿನಲ್ಲಿ ತಂಗಿಯನ್ನು ಬಿಟ್ಟುಬಂದ ಯೋಧ ಇನ್ನೊಂದು ಕಡೆ. ತಮಗೆ ಬೇಕಾಗಿರುವ ನಾಟಕ ಇಷ್ಟರಿಂದಲೇ ಹುಟ್ಟುತ್ತದೆ.

ಆದರೆ ಈ ಅನುಪಾತ ಆಟಗಾರರಿಗೆ ಒಳಹೋಗುವ ಮೊದಲೇ, ಪೂರ್ತಿಯಾಗಿ ಅಲ್ಲದಿದ್ದರೂ ಊಹಿಸುವಷ್ಟಾದರೂ ತಿಳಿದಿರಬೇಕು. ಅದನ್ನು ತಿಳಿಸುವ ವಿಧಾನವನ್ನು ಭಾಗವತದಿಂದಲೇ ಕಲಿಯಬಹುದು. ಅಸುರರೊಡನೆ ನಡೆದ ಯುದ್ಧದಲ್ಲಿ ದೇವತೆಗಳಿಗೆ ನೆರವಾಗಿ ದಣಿದ ಮುಚುಕುಂದನು ಗುಹೆಯಲ್ಲಿ ಮಲಗಿ, ಕಾಲಯವನನ ಒದೆತಕ್ಕೆ ಎಚ್ಚರಗೊಂಡು, ಬಳಿಕ ಹೊರಗೆ ಬಂದಾಗ, ಎಷ್ಟು ವರ್ಷ ಸಂದವೆಂದು ಅವನಿಗೆ ಯಾರೂ ಲೆಕ್ಕ ಒಪ್ಪಿಸುವುದಿಲ್ಲ. ಮನುಷ್ಯರು, ಪ್ರಾಣಿಗಳು, ಗಿಡಮರಗಳು ಎಲ್ಲವೂ ಗಾತ್ರದಲ್ಲಿ ಕುಗ್ಗಿರುವುದನ್ನು ಕಂಡು, ಕಲಿಯುಗ ಬಂದಿತೆಂದು ಅವನೇ ತಿಳಿದುಕೊಳ್ಳುತ್ತಾನೆ. ತಾವೂ ಅಂಕಿಗಳನ್ನು ಘೋಷಿಸದೆ ವಸ್ತುಗಳನ್ನು ತೋರಿಸಿ. ಕಣಿವೆಯ ಬಾಯಲ್ಲಿ ಕುರಿ ಕಾಯುವವನು, ನಿನ್ನೆ ಮಂಜಿನೊಳಗೆ ನುಗ್ಗಿದ ಕುರಿಮರಿ ಇಂದು ನಿನ್ನೆಯ ಗಾತ್ರದಲ್ಲಿಯೇ ಮರಳಿತು ಎಂದರೆ ಯಾರ ಗಮನಕ್ಕೂ ಬಾರದು. ಕಳೆದ ಚಳಿಗಾಲದಲ್ಲಿ ಕಳೆದುಹೋದ ಮರಿ ಈಗ ಮರಿಯಾಗಿಯೇ ಮರಳಿದೆ, ಅದರ ಜೊತೆಯವು ಈಗಾಗಲೇ ಮರಿ ಹಾಕಿವೆ ಎಂದರೆ ಆಟಗಾರರು ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಾರೆ.

ಕಕುದ್ಮಿಯ ಕಥೆಯೂ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಮಗಳು ರೇವತಿಗೆ ತಕ್ಕ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜನು ಗಂಧರ್ವರ ಗಾನ ಮುಗಿಯುವವರೆಗೆ ಕಾದಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವು. ಆ ಸಂಖ್ಯೆಗಿಂತ ಹೆಚ್ಚಾಗಿ ನಾಟುವುದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಮಕ್ಕಳು ಮೊಮ್ಮಕ್ಕಳ ಹೆಸರುಗಳೂ ಈಗ ಕೇಳಿಬರುವುದಿಲ್ಲ ಎಂದು ಬ್ರಹ್ಮನು ಹೇಳುವ ಮಾತು. ಆದ್ದರಿಂದ ಕಣಿವೆ ಹೊಗುವುದಕ್ಕೆ ಮುಂಚಿನ ಸೆಷನ್‌ನ ಕೊನೆಯಲ್ಲಿ ಪ್ರತಿಯೊಬ್ಬ ಆಟಗಾರನನ್ನೂ, ತನ್ನ ಪಾತ್ರ ಹಿಂದಿರುಗಿ ನೋಡಬಯಸುವ ಒಬ್ಬ ವ್ಯಕ್ತಿಯ ಅಥವಾ ಒಂದು ವಸ್ತುವಿನ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕಾಲದ ಪೆಟ್ಟು ಬೀಳಬೇಕಾದದ್ದು ಆ ಪಟ್ಟಿಯ ಮೇಲೆ. ಪಾತ್ರಗಳ ವಯಸ್ಸಿನ ಮೇಲಲ್ಲ. 750 ವರ್ಷ ಬದುಕಬಲ್ಲ ಎಲ್ಫ್‌ಗೆ ಹತ್ತು ವರ್ಷ ಕೂಡಿಸಿದರೆ ಅವನು ತಲೆಯನ್ನೂ ಕೆಡಿಸಿಕೊಳ್ಳುವುದಿಲ್ಲ.

ಇನ್ನು ತೊಡಕಿನ ಸಂಗತಿಗಳು. ಗಡಿಯು ಪಾರದರ್ಶಕವಾಗಿದ್ದರೆ ಯಾರಾದರೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳನುಗ್ಗಿ, ಹೊರಗಿನವರಿಂದ ಎಳೆಸಿಕೊಳ್ಳುವ ಪ್ರಯೋಗವನ್ನು ಖಂಡಿತ ಮಾಡುತ್ತಾರೆ. ಹೊರಗಿನಿಂದ ನಿಧಾನವಾಗಿ ಚಲಿಸುವಂತೆ ಕಾಣುವ ಶತ್ರುವಿಗೆ ಬಾಣ ಬಿಡುತ್ತಾರೆ. ಅದಕ್ಕೆಂದೇ ಮಂಜನ್ನು ದಟ್ಟವಾಗಿಡಿ, ದಾಟಲು ಕೆಲವು ನಿಮಿಷಗಳಾದರೂ ಬೇಕಾಗಲಿ, ಹಗ್ಗವನ್ನು ಎಳೆದರೆ ಬರಿಯ ತುದಿ ಬರಲಿ. ಸೆಂಡಿಂಗ್ ಮಂತ್ರವನ್ನು ಮಾತ್ರ ತಡೆಯಬೇಡಿ. ಅದು ಬೇರೆ ಲೋಕಕ್ಕೂ 25 ಪದಗಳ ಸಂದೇಶವನ್ನು ಒಯ್ಯುತ್ತದೆ, ತಲುಪದೆ ಹೋಗುವ ಸಾಧ್ಯತೆ ನೂರಕ್ಕೆ ಐದು ಮಾತ್ರ. ಅತ್ತಲಿಂದ 'ಹದಿನೈದು ದಿನದಿಂದ ಎಲ್ಲಿದ್ದೀರಿ?' ಎಂಬ ಉತ್ತರ ಬಂದರೆ ತಾವು ಕೊಡಬಹುದಾದ ಯಾವ ವರ್ಣನೆಗಿಂತಲೂ ಅದು ಪರಿಣಾಮಕಾರಿ.

ಮೃತರ ವಿಷಯದಲ್ಲಿ ಎಚ್ಚರಿಕೆ ಬೇಕು. ಸತ್ತವರನ್ನು ಬದುಕಿಸುವ ರೇಯ್ಸ್ ಡೆಡ್ ಮಂತ್ರಕ್ಕೆ ಸಾವಿನಿಂದ ಹತ್ತು ದಿನಗಳ ಮಿತಿಯಿದೆ. ತಂಡದವನೊಬ್ಬ ಕಣಿವೆಯಲ್ಲಿ ಸತ್ತರೆ, ಆ ಹತ್ತು ದಿನಗಳನ್ನು ಶವ ಇರುವ ಕಡೆಯ ಕಾಲದಂತೆ ಎಣಿಸುವುದು ನ್ಯಾಯವೆಂದು ನನಗೆ ತೋರುತ್ತದೆ: ಒಳಗಿದ್ದರೆ ಮಿತಿ ನಿಧಾನವಾಗಿ ಸವೆಯುತ್ತದೆ, ಹೊರಗೆ ಬಿಟ್ಟುಹೋದರೆ ಒಳಗಿನ 34 ಗಂಟೆಗಳಲ್ಲಿಯೇ ಮುಗಿದುಹೋಗುತ್ತದೆ. ತಂಡ ಒಡೆದು ಇಬ್ಬರು ಮೊದಲೇ ಹೊರಬಂದರೂ ಇದೇ ಲೆಕ್ಕ. ಒಳಗಿನವರು ಒಂದು ಗಂಟೆ ತಡಮಾಡಿದರೆ ಹೊರಗಿನವರು ಏಳು ಗಂಟೆ ಕಾಯಬೇಕು, ಹೀಗಾಗಿ ಒಡೆದ ತಂಡವನ್ನು ಒಂದು ಸೆಷನ್‌ಗಿಂತ ಹೆಚ್ಚು ಎಳೆಯಬೇಡಿ.

ಹೊರಬಂದವರ ನೆನಪು ಅಳಿಸಿಹೋಗುವ ಇನ್ನೊಂದು ಐಚ್ಛಿಕ ನಿಯಮವನ್ನು ಇದರ ಜೊತೆ ಸೇರಿಸದಿದ್ದರೆ ಒಳ್ಳೆಯದು. ವಿಸ್ಡಮ್ ಸೇವ್ ಎಂಬ, ಮನೋಬಲವನ್ನು ಪರೀಕ್ಷಿಸುವ ದಾಳದಲ್ಲಿ 10 ತಲುಪದವರು ಎಲ್ಲವನ್ನೂ ಮರೆಯುತ್ತಾರೆ. ಆಡಿದ ಮೂರು ಸೆಷನ್‌ಗಳನ್ನು ಮರೆತಂತೆ ನಟಿಸುವುದು ಬಹುಪಾಲು ಆಟಗಾರರಿಗೆ ಶಿಕ್ಷೆಯೇ ಸರಿ. ಕಳೆದ ಕಾಲವನ್ನು, ಕೋರಿದ್ದನ್ನು ಈಡೇರಿಸುವ ವಿಶ್ ಮಂತ್ರದಿಂದ ಹತ್ತು ಜನರವರೆಗೆ ಸರಿಪಡಿಸಬಹುದು ಎಂಬ ಅಂಶವನ್ನು ತಾವಾಗಿ ಎತ್ತಬೇಡಿ, ಆದರೆ ಆಟಗಾರರು ರಾಣಿಯನ್ನೇ ಕೇಳಿದರೆ ಅದಕ್ಕೆ ಪ್ರತಿಯಾಗಿ ಅವಳು ಆಜ್ಞೆಗೆ ಕಟ್ಟಿಹಾಕುವ ಗೀಯಾಸ್ ಮಂತ್ರವನ್ನು ಹೊರಿಸಿ ಒಂದು ಕೆಲಸ ಮಾಡಿಸಿಕೊಳ್ಳಲಿ.

ಕೊನೆಯದಾಗಿ, ಹೊರಗಿನ ಪಂಚಾಂಗವನ್ನು ಆಟಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ: ಏಳನೇ ದಿನ ಶತ್ರುವಿನ ಬೇಹುಗಾರರು, ಹದಿನಾಲ್ಕನೇ ದಿನ ಸೇತುವೆಯ ನಾಶ, ಇಪ್ಪತ್ತನೇ ದಿನ ಮುತ್ತಿಗೆ, ಇಪ್ಪತ್ತೆಂಟನೇ ದಿನ ಹೊರಗೋಟೆ ಕೈತಪ್ಪುವುದು. ಮೂವತ್ತೈದಕ್ಕೂ ಊರು ಪೂರ್ತಿ ಬೀಳದಿರಲಿ; ತಡವಾಗಿ ಬಂದ ತಂಡಕ್ಕೂ ಒಳಗೋಟೆಗೆ ನುಸುಳುವ ಒಂದು ದಾರಿಯನ್ನು ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳಿ.