ಕೈತೋಟ ಪ್ರಶ್ನೋತ್ತರ: ಹುಳಕ್ಕಿಂತ ಮೊದಲು ಇರುವೆ ನೋಡಿ

ಪ್ರಶ್ನೆ: ಮೇಡಂ, ನಮ್ಮ ತಾರಸಿಯ ದಾಸವಾಳದ ಚಿಗುರು, ಮೊಗ್ಗಿನ ತುಂಬ ಹತ್ತಿಯಂಥ ಬಿಳಿ ಹುಳು. ಬೇಸಿಗೆಯಿಡೀ ಬೇವಿನೆಣ್ಣೆ ಹೊಡೆದೆ. ಕಮ್ಮಿಯಾಗಿ ಮತ್ತೆ ಬರುತ್ತದೆ. ಮಳೆಗಾಲ ಬೇರೆ ಬಂತು. ಗಿಡ ಕಿತ್ತು ಹಾಕಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೀಳಬೇಡಿ ಮಾರಾಯ್ರೇ! ಇದು ಹಿಟ್ಟು ತಿಗಣೆ. ಗಿಡದ ಬುಡ ನೋಡಿ, ಇರುವೆ ಸಾಲು ಹತ್ತುತ್ತಿರುತ್ತದೆ. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಇರುವೆಗೆ ಅದು ಬೇಕು. ಹಾಗಾಗಿ ತಿಗಣೆ ತಿನ್ನಲು ಬರುವ ಹುಳುಗಳನ್ನು ಅದು ಓಡಿಸುತ್ತದೆ. ಇರುವೆ ಕಾವಲಿರುವ ತನಕ ನಿಮ್ಮ ಬೇವಿನೆಣ್ಣೆ ಸುಮ್ನೆ ದಂಡ.

ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಇಟ್ಟಿಗೆ ಇಟ್ಟು, ಅದರ ಮೇಲೆ ಕುಂಡ ಇಡಿ. ಕೊಂಬೆ ಗೋಡೆಗೆ, ಪಕ್ಕದ ಗಿಡಕ್ಕೆ ತಾಗಬಾರದು. ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗೆ.

ಆಮೇಲೆ ತೀರಾ ಹಾಳಾದ ತುದಿಗಳನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಬಿಸಾಡಿ. ಗೊಬ್ಬರದ ಗುಂಡಿಗೆ ಬೇಡ. ಉಳಿದ ಕಡೆ ಪೈಪಿನಿಂದ ಜೋರಾಗಿ ನೀರು ಬಿಡಿ. ತಿಗಣೆ ಮೈಮೇಲೆ ಮೇಣದ ಪುಡಿ ಇರುವುದರಿಂದ ಬರೀ ಎಣ್ಣೆ ನೀರು ಜಾರಿ ಹೋಗುತ್ತದೆ. 5 ಮಿ.ಲೀ. ಬೇವಿನೆಣ್ಣೆಗೆ ಮೊದಲು ಸ್ವಲ್ಪ ಸೋಪಿನ ದ್ರಾವಣ ಕಲಸಿ, ನಂತರ 1 ಲೀಟರ್ ನೀರಿಗೆ ಹಾಕಿ. ಬಿಸಿಲಿಳಿದ ಮೇಲೆ, ಎಲೆಯಡಿಗೂ ಸೇರುವಂತೆ ಹೊಡೆಯಿರಿ. ಮೊಟ್ಟೆ ಉಳಿದಿರುತ್ತದೆ, ವಾರ ಬಿಟ್ಟು ಮತ್ತೆ ಹೊಡೆಯಬೇಕು.

ಒಂದು ಎಚ್ಚರಿಕೆ. ಅದೇ ಬಿಳಿ ಹತ್ತಿಯಂತೆ, ಆದರೆ ಗಾತ್ರದಲ್ಲಿ ದೊಡ್ಡದಾಗಿ, ಚುರುಕಾಗಿ ಓಡಾಡುವ ಮರಿಹುಳ ಕಂಡರೆ ಕೊಲ್ಲಬೇಡಿ! ಅದು ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಹುಳದ ಮರಿ ಇರಬಹುದು. ತಿಗಣೆಯೇ ಅದರ ಊಟ. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದ ಹುಳ ಇದು. ಕಂಡ ದಿನದಿಂದ ಸಿಂಪಡಣೆ ನಿಲ್ಲಿಸಿ.

ಜೋರು ಮಳೆಗೆ ತಿಗಣೆ ಸಾಕಷ್ಟು ತೊಳೆದು ಹೋಗುತ್ತದೆ. ಸಜ್ಜೆಯಡಿ ಇಟ್ಟ ಕುಂಡಗಳನ್ನು ಹೊರಗಿಡಿ. ಕಡಲೆ ಹಿಂಡಿ ನೀರು ಜಾಸ್ತಿ ಕೊಡುತ್ತಿದ್ದೀರಾ? ಕಮ್ಮಿ ಮಾಡಿ. ಎಳೆ ಚಿಗುರು ಹೆಚ್ಚಿದಷ್ಟೂ ತಿಗಣೆ ಹೆಚ್ಚು.

ಪ್ರಶ್ನೆ: ಮಳೆ ಶುರುವಾದರೆ ದೊಡ್ಡ ಬಸವನಹುಳುಗಳ ಕಾಟ. ಉಪ್ಪು ಹಾಕಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಮಣ್ಣಿಗೆ ಉಪ್ಪು ಬಿದ್ದರೆ ಗಿಡಕ್ಕೇ ಪೆಟ್ಟು. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಇಡಿ. ಬೆಳಗ್ಗೆ ಅಲ್ಲೇ ಸೇರಿರುತ್ತವೆ. ಗ್ಲೌಸ್ ಹಾಕಿಯೇ ಹೆಕ್ಕಿ, ಬಕೆಟ್‌ನಲ್ಲಿ ಗಟ್ಟಿ ಉಪ್ಪು ನೀರು ಮಾಡಿ ಅದಕ್ಕೆ ಹಾಕಿ. ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ, ಅಷ್ಟೇ.